ನಾಯಿಮರಿಗೆ ಹೆಸರು: ಕರಿಯನೋ, ರಾಕಿಯೋ, ರಾಗಿಯೋ?

ದಾವಣಗೆರೆಯ ವಿದ್ಯಾನಗರದಲ್ಲಿರುವ ಗೆಳೆಯನ ಮನೆಗೆ ಕಳೆದ ತಿಂಗಳು ಹೆಣ್ಣು ನಾಯಿಮರಿಯೊಂದು ಬಂತು. ಕಂದು ಮೈ, ಮಡಚಿದ ಕಿವಿ, ಹಣೆಯ ನಡುವೆ ಹೆಬ್ಬೆರಳಿನಿಂದ ಒತ್ತಿದಂತೆ ಒಂದು ಬಿಳಿ ಚುಕ್ಕೆ. ಬಂದ ಸಂಜೆಯೇ ಫ್ರಿಜ್ಜಿನ ಬಾಗಿಲ ಮೇಲೆ ಹೆಸರುಗಳ ಪಟ್ಟಿ ಅಂಟಿತು. ಕಾಲೇಜಿಗೆ ಹೋಗುವ ಮಗ ‘ಫೀನಿಕ್ಸ್’ ಎಂದು ಬರೆದ, ಮಗಳು ‘ಕುಕ್ಕಿ’ ಎಂದು ಬರೆದಳು. ಗೆಳೆಯನದು ‘ರಾಣಿ’, ಅವನ ಹೆಂಡತಿಯದು ‘ರಾಗಿ’. ಒಂಬತ್ತು ದಿನ ಕಳೆಯುವಷ್ಟರಲ್ಲಿ ಪಟ್ಟಿಯಲ್ಲಿ 14 ಹೆಸರುಗಳಿದ್ದವು, ಮರಿಗೆ ಮಾತ್ರ ಒಂದೂ ಇರಲಿಲ್ಲ. ಅಜ್ಜಿ ಆ ಪಟ್ಟಿಯ ಹತ್ತಿರ ಹೋಗಲೇ ಇಲ್ಲ. ‘ಆ ಚುಕ್ಕಿ ಮರಿಗೆ ಹೊಟ್ಟೆ ತುಂಬಿತೇನೋ ನೋಡಿರಪ್ಪಾ’ ಎಂದು ದಿನಕ್ಕೆ ನಾಲ್ಕು ಸಲ ಒಳಗಿನಿಂದ ಕೇಳುತ್ತಿದ್ದರು, ಅಷ್ಟೇ.

‘ಇಷ್ಟು ವರ್ಷ ನಾಯಿ ಸಾಕಿದವನು ನೀನು, ನೀನೇ ಒಂದು ತೀರ್ಮಾನ ಹೇಳು’ ಎಂದು ಗೆಳೆಯ ನನ್ನನ್ನು ಕರೆಸಿಕೊಂಡ. ನಾನು ಹೆಸರು ಹೇಳಲಿಲ್ಲ, ಹೆಸರನ್ನು ತೂಗುವ ಬಗೆ ಹೇಳಿದೆ. ಚಿತ್ರದುರ್ಗದ ಬಂಧುಗಳೂ ಹರಿಹರದ ಪರಿಚಿತರೂ ಇದೇ ಪ್ರಶ್ನೆಯನ್ನು ಕೇಳುತ್ತಿರುವುದರಿಂದ ಅದನ್ನೇ ಇಲ್ಲಿ ಬರೆದಿಡುತ್ತಿದ್ದೇನೆ.

ನನಗೆ ಈ ವಿಷಯದಲ್ಲಿ ಇಷ್ಟು ಕಾಳಜಿ ಹುಟ್ಟಿದ್ದು ಒಂದು ದೀಪಾವಳಿ ಅಮಾವಾಸ್ಯೆಯ ರಾತ್ರಿ. ನಮ್ಮ ಮನೆಯ ಮೊದಲ ನಾಯಿಗೆ ಅಣ್ಣ ‘ಅಲೆಕ್ಸಾಂಡರ್’ ಎಂದು ಹೆಸರಿಟ್ಟಿದ್ದ. ಅವನು ಕರೆಯುತ್ತಿದ್ದದ್ದು ‘ಅಲೆಕ್ಸ್’, ನಾನು ‘ಸ್ಯಾಂಡಿ’, ಅಮ್ಮನ ಬಾಯಲ್ಲಿ ಅದು ‘ಅಲಸಂದ್ರ’. ಅಪ್ಪ ಹೆಸರಿನ ಗೊಡವೆಗೇ ಹೋಗದೆ ‘ಬಾರೋ’ ಎನ್ನುತ್ತಿದ್ದರು. ಆ ರಾತ್ರಿ ಯಾರೋ ಗೇಟಿನ ಪಕ್ಕದಲ್ಲೇ ಲಕ್ಷ್ಮೀ ಪಟಾಕಿ ಹಚ್ಚಿದರು. ನಾಯಿ ಬೆಲ್ಟು ಕಿತ್ತುಕೊಂಡು ಓಡಿತು. ನಾಲ್ಕು ಜನ ನಾಲ್ಕು ಬೀದಿಗಳಲ್ಲಿ ನಾಲ್ಕು ಹೆಸರು ಕೂಗುತ್ತ ನಡುರಾತ್ರಿಯವರೆಗೆ ಅಲೆದೆವು. ಬೆಳಗ್ಗೆ ಅದು ಸಿಕ್ಕಿದ್ದು ಹೆದ್ದಾರಿಯ ಬದಿಯಲ್ಲಿ ನಿಂತ ಲಾರಿಯೊಂದರ ಅಡಿ, ಕಿವಿ ಹರಿದುಕೊಂಡು ನಡುಗುತ್ತ. ಬಹುಶಃ ರಾತ್ರಿ ನಮ್ಮ ದನಿ ಅದಕ್ಕೆ ಕೇಳಿಸಿಯೂ ಇದ್ದಿರಬಹುದು. ಆದರೆ ‘ಇದು ನನ್ನನ್ನೇ ಕರೆಯುವ ಸದ್ದು’ ಎನ್ನುವಂಥ ಒಂದೇ ಒಂದು ಸದ್ದನ್ನು ನಾವು ಅದಕ್ಕೆ ಕೊಟ್ಟಿರಲೇ ಇಲ್ಲ.

ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವನ್ನು ಓದಿದಾಗ ಆ ರಾತ್ರಿ ಮತ್ತೆ ಕಣ್ಣ ಮುಂದೆ ಬಂತು. ಸುತ್ತ ಜನರ ಮಾತಿನ ಗದ್ದಲವಿದ್ದರೂ, ಆ ಗದ್ದಲ ಹೆಸರಿನ ಸದ್ದನ್ನು ಮೀರದಿದ್ದರೆ, ನಾಯಿಗಳು ತಮ್ಮ ಹೆಸರನ್ನು ಗುರುತಿಸುತ್ತವೆ ಎಂದು ಅವರು ಕಂಡುಕೊಂಡರು. ಗದ್ದಲದಲ್ಲೂ ಹೆಸರು ನಾಯಿಯನ್ನು ಮುಟ್ಟಬಲ್ಲದು. ಆದರೆ ಅದು ಒಂದೇ ಹೆಸರಾಗಿರಬೇಕು, ಎಲ್ಲರ ಬಾಯಲ್ಲೂ ಒಂದೇ ಆಗಿರಬೇಕು.

ಹೆಸರನ್ನು ಯಾವುದರಿಂದ ತೂಗಬೇಕು?

ಎಲ್ಲಕ್ಕಿಂತ ಮೊದಲು ಸದ್ದು. ಎರಡು ಅಕ್ಷರದ ಹೆಸರು ಮೇಲು, ಮೂರರವರೆಗೆ ನಡೆಯುತ್ತದೆ. ಕ, ಗ, ಚ, ಟ, ಡ, ಬ ಇಂಥ ತಟ್ಟನೆ ಸಿಡಿಯುವ ಅಕ್ಷರದಿಂದ ಶುರುವಾದರೆ ನಾಯಿಯ ಕಿವಿ ಬೇಗ ನಿಮಿರುತ್ತದೆ ಎನ್ನುವುದು ತರಬೇತಿ ಕೊಡುವವರ ಅನುಭವ, ನನ್ನದೂ ಹೌದು. ಕೊನೆಯ ಸ್ವರದ ಮೇಲೆ ನಾನು ಇನ್ನೂ ಹೆಚ್ಚು ಒತ್ತು ಕೊಡುತ್ತೇನೆ. ದೂರದವರನ್ನು ಕೂಗುವಾಗ ಕನ್ನಡಿಗರು ಹೆಸರಿನ ಕೊನೆಯನ್ನು ಎಳೆಯುತ್ತೇವೆ: ರಾಮ ‘ರಾಮಾ’ ಆಗುತ್ತಾನೆ, ಗೌರಿ ‘ಗೌರೀ’ ಆಗುತ್ತಾಳೆ. ವ್ಯಾಕರಣದಲ್ಲಿ ಸಂಬೋಧನೆ ಎಂದು ಶಾಲೆಯಲ್ಲಿ ಕಲಿತದ್ದು ಇದನ್ನೇ. ಆ ಎಳೆತದಲ್ಲೇ ದನಿ ಬೀದಿಯ ಕೊನೆಯವರೆಗೆ ಹೋಗುವುದು. ಆ, ಈ, ಏಗಳಲ್ಲಿ ಮುಗಿಯುವ ಹೆಸರು ದೂರ ಹೋಗುತ್ತದೆ. ವ್ಯಂಜನದಲ್ಲಿ ಮುಗಿಯುವ ಹೆಸರನ್ನು ನಮ್ಮ ನಾಲಿಗೆ ಇದ್ದಂತೆ ಬಿಡುವುದೇ ಇಲ್ಲ. ಬಸ್ ‘ಬಸ್ಸು’ ಆದಂತೆ ಜಾಕ್ ‘ಜಾಕು’ ಆಗುತ್ತದೆ, ಮ್ಯಾಕ್ಸ್ ‘ಮ್ಯಾಕ್ಸು’ ಆಗುತ್ತದೆ.

ಎಳೆದಾಗ ಹೆಸರು ಏನಾಗುತ್ತದೆ ಎಂಬುದನ್ನೂ ಕೇಳಿಸಿಕೊಳ್ಳಿ. ದುಂಡಗಿನ ಮರಿಗೆ ‘ಗುಂಡ’ ಎಂಬುದು ಎಷ್ಟು ಮುದ್ದಾದ ಹೆಸರು! ಆದರೆ ಸಂಜೆ ಮಹಡಿಯ ಮೇಲೆ ನಿಂತು ಎಳೆದು ಕೂಗಿದರೆ ಅದು ‘ಗುಂಡಾ’ ಆಗುತ್ತದೆ, ದಾರಿಯಲ್ಲಿ ಹೋಗುವವರು ತಿರುಗಿ ನೋಡುತ್ತಾರೆ.

ಎರಡನೆಯದು, ಮನೆಯ ಬಾಯಿಗಳು. ನಾಯಿಗೆ ಹೆಸರಿಡುವವರು ಮಕ್ಕಳು, ಹಗಲೆಲ್ಲ ಅದನ್ನು ಕರೆಯುವವರು ಅಜ್ಜಿ, ಅಮ್ಮ, ಕೆಲಸಕ್ಕೆ ಬರುವ ಅಕ್ಕ. ನಮ್ಮ ಸೀಮೆಯಲ್ಲಿ ಸಲಿಗೆ ಬಂದಕೂಡಲೇ ಹೆಸರಿನ ಬಾಲಕ್ಕೆ ‘ಯಾ’ ಸೇರುತ್ತದೆ. ರಾಜ ‘ರಾಜ್ಯಾ’ ಆಗುತ್ತಾನೆ, ರಾಕಿ ‘ರಾಕ್ಯಾ’ ಆಗುತ್ತಾನೆ. ಇಂಥ ಸಣ್ಣ ತಿರುವುಗಳಿಂದ ತೊಂದರೆಯಿಲ್ಲ, ನಾಯಿ ಬೇಗ ಹೊಂದಿಕೊಳ್ಳುತ್ತದೆ. ‘ಫೀನಿಕ್ಸ್’ ಒಬ್ಬರ ಬಾಯಲ್ಲಿ ‘ಪೀನಿ’, ಇನ್ನೊಬ್ಬರ ಬಾಯಲ್ಲಿ ‘ನಿಕ್ಕಿ’ ಆದಾಗ ಮಾತ್ರ ಅದು ಎರಡು ಹೆಸರು.

ಮೂರನೆಯದು, ಅಪ್ಪಣೆಯ ಮಾತುಗಳು. ಬಾ, ಬೇಡ, ಬಿಡು, ಕೂರು, ಇರು, ಅಥವಾ ಸಿಟ್, ನೋ, ಸ್ಟೇ, ಹೀಗೆ ನೀವು ಬಳಸಲಿರುವ ಮಾತುಗಳನ್ನು ಮೊದಲು ಒಂದು ಕಾಗದದಲ್ಲಿ ಬರೆಯಿರಿ. ಹೆಸರು ಅವುಗಳಂತೆ ಕೇಳಿಸಬಾರದು. ಸಿಟ್ ಎನ್ನುವ ಮನೆಯಲ್ಲಿ ‘ಕಿಟ್ಟು’ ಬೇಡ. ನೋ ಎನ್ನುವ ಮನೆಯಲ್ಲಿ ‘ಬೋ’ ಬೇಡ. ಬುಡಾಪೆಸ್ಟಿನ ಸಂಶೋಧಕರು 2020ರಲ್ಲಿ ಸಾಕುನಾಯಿಗಳ ಮಿದುಳಿನ ಅಲೆಗಳನ್ನು ಅಳೆದು ನೋಡಿದರು. ನಾಯಿಗೆ ಗೊತ್ತಿರುವ ಒಂದು ಮಾತನ್ನೂ, ಅದರಲ್ಲಿ ಒಂದೇ ಒಂದು ಸದ್ದನ್ನು ಬದಲಿಸಿದ ಅರ್ಥವಿಲ್ಲದ ಮಾತನ್ನೂ ಕೇಳಿಸಿದಾಗ ಮಿದುಳಿನ ಸ್ಪಂದನದಲ್ಲಿ ವ್ಯತ್ಯಾಸ ಕಾಣಲಿಲ್ಲ. ಪೂರ್ತಿ ಬೇರೆಯಾದ ಮಾತು ಬಂದಾಗಲಷ್ಟೇ ಕಂಡಿತು. ಹಾಗಾಗಿ ಒಂದೇ ಮನೆಯ ಎರಡು ನಾಯಿಗಳಿಗೆ ಚಿನ್ನು–ಮುನ್ನು ಎಂಬ ಪ್ರಾಸದ ಜೋಡಿ ಕೇಳಲು ಚೆಂದವೇ ಹೊರತು ಬಳಸಲು ಕಷ್ಟ.

ಕನ್ನಡಕ್ಕೇ ಸೇರಿದ ಎರಡು ತೊಡಕುಗಳು ಇಲ್ಲಿವೆ. ನಾವು ನಾಯಿಯನ್ನು ಓಡಿಸುವುದು ‘ಹಚಾ’ ಎಂದು. ಟೋಕಿಯೊದ ಶಿಬುಯಾ ನಿಲ್ದಾಣದಲ್ಲಿ ತೀರಿಹೋದ ಯಜಮಾನನಿಗಾಗಿ ವರ್ಷಗಟ್ಟಲೆ ಕಾದು 1935ರಲ್ಲಿ ಸತ್ತ ಹಚಿಕೋ ಎಂಬ ನಾಯಿಯ ಕಥೆ ಕೇಳಿ ಎಷ್ಟೋ ಜನ ತಮ್ಮ ಮರಿಗೆ ‘ಹಚಿ’ ಎಂದು ಹೆಸರಿಡಲು ಆಸೆಪಡುತ್ತಾರೆ. ಆ ಪ್ರೀತಿ ನನಗೆ ಅರ್ಥವಾಗುತ್ತದೆ. ಆದರೆ ನಮ್ಮ ಬೀದಿಯಲ್ಲಿ ದಿನವಿಡೀ ಯಾರೋ ಒಬ್ಬರು ಯಾವುದೋ ನಾಯಿಗೆ ‘ಹಚಾ’ ಎನ್ನುತ್ತಲೇ ಇರುತ್ತಾರೆ. ನಿಮ್ಮ ಮರಿಗೆ ಕರೆಯುವ ಸದ್ದೂ ಓಡಿಸುವ ಸದ್ದೂ ಒಂದೇ ಆಗಿಬಿಡುತ್ತದೆ. ಇನ್ನೊಂದು ‘ಛೂ’. ಅದು ನಾಯಿಯನ್ನು ಮೈಮೇಲೆ ಬಿಡುವ ಮಾತು. ‘ಚೂಚು’ ಎಂಬ ಹೆಸರಿನ ನಾಯಿಯನ್ನು ಬೀದಿಯ ಹುಡುಗರು ಕೆಣಕುತ್ತಾರೆ, ಅದು ಯಾರ ಮೇಲಾದರೂ ಹಾರಿದರೆ ಕಟ್ಟಿಹಾಕಿಸಿಕೊಳ್ಳುವುದು ನಾಯಿಯೇ.

ನಾಲ್ಕನೆಯದು, ನೆರೆಹೊರೆ. ಹೆಸರನ್ನು ಮನೆಯೊಳಗೆ ಪಿಸುಗುಟ್ಟುವುದಿಲ್ಲ, ಬೀದಿಯಲ್ಲಿ ಕೂಗುತ್ತೇವೆ. ಅದು ಯಾರ ಕಿವಿಗೂ ಚುಚ್ಚಬಾರದು. ಜಗಳವಾಡಿದ ದಾಯಾದಿಯ ಹೆಸರನ್ನೋ, ಸೋತ ರಾಜಕಾರಣಿಯ ಹೆಸರನ್ನೋ ನಾಯಿಗೆ ಇಟ್ಟು ಸೇಡು ತೀರಿಸಿಕೊಳ್ಳುವವರನ್ನು ನಾನು ಕಂಡಿದ್ದೇನೆ. ನನಗೆ ಅದು ಸ್ವಲ್ಪವೂ ಸೇರುವುದಿಲ್ಲ. ಕಲ್ಲೇಟು ಬೀಳುವುದು ಕೊನೆಗೆ ಆ ಮೂಕ ಪ್ರಾಣಿಗೆ. ಜಾತಿ, ಪಂಗಡ, ಧರ್ಮ ಸೂಚಿಸುವ ಹೆಸರುಗಳಂತೂ ಬೇಡವೇ ಬೇಡ.

ಕೊನೆಯದು ವಯಸ್ಸು. ಮರಿ ಮರಿಯಾಗಿರುವುದು ಒಂದು ವರ್ಷ. ಆಮೇಲೆ ಹತ್ತು ಹನ್ನೆರಡು ವರ್ಷ ಅದು ದೊಡ್ಡ ನಾಯಿ, ಕೊನೆಗೆ ಮುದಿ ನಾಯಿ. ಹೆಸರು ಮೂರಕ್ಕೂ ಒಪ್ಪಬೇಕು.

ಬಣ್ಣದ ಹೆಸರು: ಕರಿಯ, ಕೆಂಚ, ಕಾಳಿ

ನನ್ನ ಒಲವು ಇವುಗಳ ಕಡೆಗೆ ಎಂದು ಮೊದಲೇ ಹೇಳಿಬಿಡುತ್ತೇನೆ. ಕನ್ನಡ ನಾಡಿನಲ್ಲಿ ಹೆಸರು ಹಿಡಿದು ನೆನೆಯಬಹುದಾದ ಹಳೆಯ ನಾಯಿಯೊಂದಿದೆ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ ಕ್ರಿ.ಶ. 949–50ರದು. ಗಂಗರ ಬೂತುಗ ತನ್ನ ವೀರ ಮಣಲೇರನ ಶೌರ್ಯಕ್ಕೆ ಮೆಚ್ಚಿ ಏನು ಬೇಕೋ ಕೇಳು ಎಂದಾಗ ಮಣಲೇರ ಕೇಳಿದ್ದು ‘ಕಾಳಿ’ ಎಂಬ ಬೇಟೆನಾಯಿಯನ್ನು. ಆ ನಾಯಿ ದೊಡ್ಡದೊಂದು ಹಂದಿಯೊಡನೆ ಹೋರಾಡಿತು, ಎರಡೂ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿದರು, ಕಲ್ಲಿನ ಮೇಲೆ ನಾಯಿಯೂ ಹಂದಿಯೂ ಕಾದಾಡುತ್ತಿರುವ ಚಿತ್ರ ಕೆತ್ತಿಸಿದರು. ಸಾವಿರ ವರ್ಷ ದಾಟಿದರೂ ಆ ಹೆಸರನ್ನು ಕೂಗಿ ನೋಡಿ: ‘ಕಾಳೀ’. ಎರಡೇ ಅಕ್ಷರ, ಗಟ್ಟಿಯಾದ ಆರಂಭ, ಎಳೆಯಬಹುದಾದ ಕೊನೆ.

ಚಳ್ಳಕೆರೆಯ ಕಡೆ ಕುರಿ ಮೇಯಿಸುವವರ ನಾಯಿಗಳಲ್ಲಿ ಈಗಲೂ ನಾನು ಕೇಳಿರುವುದು ಇಂಥ ಹೆಸರುಗಳನ್ನೇ. ಕಾಳ, ಕೆಂಚ, ಬಿಳಿಯ, ಮೈಮೇಲೆ ಮಚ್ಚೆಯಿದ್ದರೆ ಹಂಡ. ಬಯಲಿನಲ್ಲಿ ಗಾಳಿಗೆ ಎದುರಾಗಿ ಕೂಗಬೇಕಾದವರು ಆರಿಸಿದ ಹೆಸರುಗಳವು, ಸದ್ದಿನ ವಿಷಯದಲ್ಲಿ ಅವುಗಳನ್ನು ಮೀರಿಸುವುದು ಕಷ್ಟ. ಅಜ್ಜಿಯಿಂದ ಮೊಮ್ಮಗುವಿನವರೆಗೆ ಎಲ್ಲರ ಬಾಯಿಗೂ ಸಲೀಸು.

ತೊಡಕಿರುವುದು ನೆರೆಹೊರೆಯ ಲೆಕ್ಕದಲ್ಲಿ. ನಮ್ಮ ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳಲ್ಲಿ ಕೆಂಚಪ್ಪ, ಕೆಂಚಮ್ಮ, ಕರಿಯಪ್ಪ ಎಂಬ ಹಿರಿಯರು ಬೀದಿಗೊಬ್ಬರಿದ್ದಾರೆ. ಹರಿಹರ ತಾಲ್ಲೂಕಿನ ಉಕ್ಕಡಗಾತ್ರಿಯ ಅಜ್ಜಯ್ಯನಿಗೆ, ಅಂದರೆ ಕರಿಬಸವೇಶ್ವರನಿಗೆ, ನಡೆದುಕೊಳ್ಳುವ ಮನೆಗಳಲ್ಲಿ ಕರಿಬಸಪ್ಪ ಎಂಬ ಹೆಸರು ಸಾಮಾನ್ಯ. ಎದುರು ಮನೆಯ ಕರಿಬಸಪ್ಪನವರು ಜಗುಲಿಯ ಮೇಲೆ ಕುಳಿತಿರುವಾಗ ‘ಏ ಕರಿಯಾ, ಬಾರೋ’ ಎಂದು ಕೂಗುವುದು ಸರಿಯಲ್ಲ. ಜೊತೆಗೆ ‘ಕರಿಯ’ ಎಂಬುದು ಮನುಷ್ಯರ ಮೈಬಣ್ಣವನ್ನು ಹೀಯಾಳಿಸಲು ಬಳಸಿ ಬಳಸಿ ಕಹಿಯಾದ ಮಾತು. ಬೀದಿಯಲ್ಲಿ ಆಡುವ ಮಗುವೊಂದಕ್ಕೆ ಅದು ನೋವಾಗಬಹುದು. ‘ಕಾಳಿ’ ದೇವಿಯ ಹೆಸರೂ ಹೌದು, ಎಲ್ಲ ಮನೆಗೂ ಒಪ್ಪದು. ಹೀಗಾಗಿ ಬಣ್ಣದ ಹೆಸರು ಬೇಕೆನ್ನುವವರು ಮೊದಲು ತಮ್ಮ ಬೀದಿಯ ಹಿರಿಯರ ಹೆಸರುಗಳನ್ನು ನೆನೆದುಕೊಳ್ಳಬೇಕು. ಬಣ್ಣ ಬದಲಾಗುವ ತಳಿಗಳ ವಿಷಯದಲ್ಲೂ ಎಚ್ಚರ ಬೇಕು. ಡಾಲ್ಮೇಷಿಯನ್ ಮರಿ ಹುಟ್ಟುವಾಗ ಬರೀ ಬಿಳಿ, ಚುಕ್ಕೆಗಳು ಮೂಡುವುದು ಆಮೇಲೆ. ಜರ್ಮನ್ ಶೆಫರ್ಡ್ ಮರಿಯ ಕಪ್ಪು ಬೆಳೆದಂತೆ ತಿಳಿಯಾಗುತ್ತದೆ.

ರಾಕಿ, ಟೈಗರ್, ಬ್ರೂನೋ

ಇವು ಈಗ ಇಂಗ್ಲಿಷ್ ಹೆಸರುಗಳಾಗಿ ಉಳಿದಿಲ್ಲ, ನಮ್ಮ ನಾಯಿಗಳ ಹೆಸರುಗಳೇ ಆಗಿಬಿಟ್ಟಿವೆ. ರಾಕಿ, ಟಾಮಿ, ಜಿಮ್ಮಿ, ಬ್ರೂನೋ ಎಲ್ಲಕ್ಕೂ ಎರಡೇ ಅಕ್ಷರ, ಕೊನೆಗೆ ಸ್ವರ. ಯಾವ ಹಿರಿಯರ ಹೆಸರಿಗೂ ತಾಗುವುದಿಲ್ಲ, ಯಾರ ಮನಸ್ಸೂ ನೋಯುವುದಿಲ್ಲ. ಬಾಡಿಗೆ ಮನೆ ಬದಲಿಸುತ್ತ ಊರೂರು ತಿರುಗುವ ಕೆಲಸದವರಿಗೆ ಇವು ಸುರಕ್ಷಿತ ಆಯ್ಕೆ, ಬೆಂಗಳೂರಿಗೆ ಹೋದರೂ ಹುಬ್ಬಳ್ಳಿಗೆ ಹೋದರೂ ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಕೊರತೆಯೆಂದರೆ ಇವು ತೀರಾ ಸವೆದಿವೆ. ಪಶು ಆಸ್ಪತ್ರೆಯಲ್ಲಿ ಲಸಿಕೆಗೆ ಸರದಿ ಕಾಯುವಾಗ ‘ರಾಕಿ’ ಎಂದು ಕೂಗಿದರೆ ಒಂದಕ್ಕಿಂತ ಹೆಚ್ಚು ತಲೆಗಳು ತಿರುಗುವುದನ್ನು ನೋಡಿದ್ದೇನೆ. ಅದು ಅಲ್ಲಿ ನಡೆದುಹೋಗುತ್ತದೆ. ನಿಮ್ಮದೇ ಬೀದಿಯಲ್ಲಿ ಇನ್ನೊಂದು ರಾಕಿ ಇದ್ದರೆ ಮಾತ್ರ ನಿತ್ಯದ ಗೋಳು: ಅವರು ಊಟಕ್ಕೆ ಕರೆದರೆ ನಿಮ್ಮದು ಓಡುತ್ತದೆ, ಅವರು ಗದರಿಸಿದರೆ ನಿಮ್ಮದು ಬಾಲ ಮುದುರಿಕೊಳ್ಳುತ್ತದೆ. ಸಿನಿಮಾದಿಂದ ಎತ್ತಿಕೊಂಡ ಹೆಸರುಗಳಿಗೂ ಇದೇ ಮಾತು ಸಲ್ಲುತ್ತದೆ. ಸಿನಿಮಾ ಓಡಿದ ವರ್ಷ ಹುಟ್ಟಿದ ಮರಿಗಳಿಗೆಲ್ಲ ಒಂದೇ ಹೆಸರು ಬೀಳುತ್ತದೆ.

ತಳಿಪತ್ರವಿರುವ ಮರಿ ತಂದವರು ಪತ್ರದಲ್ಲಿ ಮೂರು ಪದಗಳ ಉದ್ದನೆಯ ಹೆಸರಿದೆಯೆಂದು ಅದನ್ನೇ ಕರೆಯಬೇಕೆಂದುಕೊಳ್ಳುತ್ತಾರೆ. ಹಾಗೇನಿಲ್ಲ. ಕೆನಲ್ ಕ್ಲಬ್ಬಿನ ಪತ್ರದ ಹೆಸರು ಪತ್ರದಲ್ಲಿರಲಿ, ಮನೆಯಲ್ಲಿ ಕರೆಯುವ ಹೆಸರು ಬೇರೆ ಇರಲಿ.

ಅಡುಗೆಮನೆಯ ಹೆಸರು: ಬೆಣ್ಣೆ, ರಾಗಿ, ಮಿರ್ಚಿ

ಇತ್ತೀಚೆಗೆ ಮಕ್ಕಳು ಹೆಚ್ಚು ಇಷ್ಟಪಡುವುದು ಇವನ್ನು. ದಾವಣಗೆರೆಯಲ್ಲಿ ತಿಳಿಹಳದಿ ಬಣ್ಣದ ಲ್ಯಾಬ್ರಡಾರ್ ಮರಿಗೆ ‘ಬೆಣ್ಣೆ’ ಎನ್ನದೆ ಇರಲು ಮನಸ್ಸಾದರೂ ಹೇಗೆ ಬರುತ್ತದೆ! ಮೆದುವಾದ, ಮುದ್ದಾದ, ನಮ್ಮೂರಿನದೇ ಆದ ಹೆಸರು. ಆದರೆ ಅದನ್ನು ನಾನು ಈ ಊರಿನಲ್ಲಿ ಇಡುವುದಿಲ್ಲ. ದೋಸೆ ಹೋಟೆಲಿನ ಮುಂದೆ ಹಾದರೆ ಬೆಣ್ಣೆ, ಮನೆಯ ತಿಂಡಿಗೆ ಬೆಣ್ಣೆ, ನೆಂಟರು ಬಂದರೆ ಬೆಣ್ಣೆಯ ಮಾತು. ದಿನಕ್ಕೆ ಹತ್ತು ಸಲ ತನ್ನ ಹೆಸರು ಕೇಳಿಸಿಯೂ ಯಾರೂ ತನ್ನನ್ನು ಕರೆದಿಲ್ಲ ಎಂದು ಕಂಡುಕೊಂಡ ನಾಯಿ, ಹನ್ನೊಂದನೆಯ ಸಲ ನಿಜವಾಗಿ ಕರೆದಾಗ ಕಿವಿ ಅಲುಗಿಸುವುದಿಲ್ಲ. ಅದರ ಮೇಲೆ ‘ಬೇಡ’ ಎಂಬ ಅಪ್ಪಣೆಯೂ ಬಕಾರದಲ್ಲೇ ಶುರುವಾಗುತ್ತದೆ. ಮಂಡಕ್ಕಿ, ಮಿರ್ಚಿಗೂ ಇದೇ ಕಷ್ಟ. ಸಂಜೆಯಾದರೆ ಈ ಊರಿನಲ್ಲಿ ಆ ಎರಡು ಮಾತು ಕಿವಿಗೆ ಬೀಳದ ಓಣಿಯಿಲ್ಲ.

ಹಾಗೆಂದು ಅಡುಗೆಮನೆಯನ್ನು ಪೂರಾ ಬಿಡಬೇಕಿಲ್ಲ. ನಿಮ್ಮ ಒಲೆಯ ಮೇಲೆ ದಿನಾ ಏರದ ಧಾನ್ಯವನ್ನು ಆರಿಸಿ. ಜೋಳದ ರೊಟ್ಟಿಯ ಮನೆಯಲ್ಲಿ ‘ರಾಗಿ’ ಬಿಡುವಾಗಿರುವ ಮಾತು. ದೀರ್ಘದಿಂದ ಶುರುವಾಗಿ ‘ಈ’ಯಲ್ಲಿ ಮುಗಿಯುತ್ತದೆ, ಕಂದು ಮರಿಯ ಬಣ್ಣಕ್ಕೂ ಹೊಂದುತ್ತದೆ. ಅದೇ ಹೆಸರು ಹಿರಿಯೂರು, ಹೊಸದುರ್ಗದ ಮುದ್ದೆಯ ಮನೆಗೆ ಹೋದರೆ ಕೆಲಸಕ್ಕೆ ಬಾರದು. ಅಲ್ಲಿ ‘ರಾಗಿ ಬೀಸಿಸಿಕೊಂಡು ಬಾ’ ಎನ್ನುವ ಮಾತಿನಲ್ಲಿ ನಾಯಿಯ ಹೆಸರೂ ಇದೆ, ‘ಬಾ’ ಎಂಬ ಅಪ್ಪಣೆಯೂ ಇದೆ. ಅಲ್ಲಿನವರು ‘ಸಜ್ಜೆ’ಯನ್ನೋ ‘ಸಾಮೆ’ಯನ್ನೋ ಯೋಚಿಸಬಹುದು.

ಗುಡ್ಡ, ಹೊಳೆ, ಗಾಳಿ

ಊರಿನ ಅಭಿಮಾನವಿರುವವರಿಗೆ ಇದು ಸೊಗಸಾದ ದಾರಿ, ಆದರೆ ಹೆಜ್ಜೆಹೆಜ್ಜೆಗೂ ನೋಡಿ ಇಡಬೇಕು. ಚಿತ್ರದುರ್ಗದ ಬಂಧುವೊಬ್ಬರ ಮಗ ಜೋಗಿಮಟ್ಟಿಗೆ ನಡೆದಾಡಲು ಹೋಗುವವನು, ತನ್ನ ನಾಯಿಗೆ ‘ಜೋಗಿ’ ಎಂದು ಇಡಬೇಕೆಂದಿದ್ದ. ಸದ್ದಿಗೆ ಬಹಳ ಒಳ್ಳೆಯ ಹೆಸರು. ಆದರೆ ಜೋಗಿ ಎಂಬುದು ನಮ್ಮ ನಡುವೆ ಬದುಕುವ ಒಂದು ಸಮುದಾಯದ ಹೆಸರು ಎಂದು ನೆನಪಿಸಿದಾಗ ಅವನೇ ಕೈಬಿಟ್ಟ. ಆಮೇಲೆ ಗುಡ್ಡಗಳ ಮೇಲೆ ಸಾಲಾಗಿ ತಿರುಗುವ ಗಾಳಿಯಂತ್ರಗಳನ್ನು ನೋಡಿ ‘ಗಾಳಿ’ ಎಂದ. ನನಗೆ ಅದು ತುಂಬ ಹಿಡಿಸಿತು. ಓಡುವ ನಾಯಿಗೆ, ಅದರಲ್ಲೂ ಮುಧೋಳದಂಥ ಬೇಟೆನಾಯಿಗೆ, ಅದಕ್ಕಿಂತ ಒಪ್ಪುವ ಹೆಸರು ಸಿಗದು. ಆದರೆ ಅವನ ಅಜ್ಜಿಗೆ ಗಾಳಿ ಎಂದರೆ ಮೆಟ್ಟಿಕೊಳ್ಳುವ ಗಾಳಿ, ಹಿಡಿದರೆ ಬಿಡಿಸಬೇಕಾದ ಗಾಳಿ. ಮುಸ್ಸಂಜೆಯಲ್ಲಿ ದೀಪ ಹಚ್ಚಿದ ಮೇಲೆ ‘ಗಾಳೀ ಬಾ, ಗಾಳೀ ಬಾ’ ಎಂದು ಮನೆಯೊಳಗೆ ಕರೆಯಲು ಅವರು ಒಪ್ಪಲಿಲ್ಲ. ಹಿರಿಯರ ಅಂಜಿಕೆಯನ್ನು ಬದಿಗೊತ್ತಿ ಇಟ್ಟ ಹೆಸರು ಅವರ ಬಾಯಿಗೆ ಎಂದೂ ಬರುವುದಿಲ್ಲ, ಹಾಗಾಗಿ ನಾನೂ ಅಜ್ಜಿಯ ಪರವಾಗಿಯೇ ನಿಂತೆ. ಗಾಳಿಯ ಅಂಜಿಕೆ ಇಲ್ಲದ ಮನೆಯವರು ಧಾರಾಳವಾಗಿ ಇಟ್ಟುಕೊಳ್ಳಬಹುದು.

‘ತುಂಗಾ’, ‘ಭದ್ರಾ’ ಎರಡೂ ಕೇಳಲು ಚೆಂದ. ಹೊಳೆಯನ್ನು ತಾಯಿಯೆಂದು ಪೂಜಿಸುವವರಿಗೆ ಅದು ರುಚಿಸದು. ಹಾಗೆಯೇ ಭದ್ರಾ ನಾಲೆಯ ನೀರನ್ನು ನಂಬಿದ ಭತ್ತದ ಗದ್ದೆಯವರ ಮನೆಯಲ್ಲಿ ಬೇಸಿಗೆಯಲ್ಲಿ ಆ ಹೆಸರು ಬಾರದ ಮಾತೇ ಇಲ್ಲ. ‘ಮಿಂಚು’ ಒಳ್ಳೆಯದು. ‘ಬತೇರಿ’, ಅಂದರೆ ಕೋಟೆಯ ಕಾವಲು ಬುರುಜು, ದುರ್ಗದವರಿಗೆ ಮಾತ್ರ ದಕ್ಕುವ ಹೆಸರು, ಮೂರಕ್ಷರವಾದರೂ ಕೂಗಲು ಗಟ್ಟಿ, ಕಾವಲು ನಾಯಿಗೆ ಅರ್ಥವೂ ಒಪ್ಪುತ್ತದೆ.

ವೀರರು, ದೇವರು, ಮುದ್ದು

ಓಬವ್ವ, ಮದಕರಿ ಎಂಬ ಹೆಸರುಗಳನ್ನು ನಾಯಿಗೆ ಇಡುವ ಆಸೆ ಗೌರವದಿಂದಲೇ ಹುಟ್ಟಿರಬಹುದು. ಆದರೆ ಚಪ್ಪಲಿ ಕಚ್ಚಿದಾಗ ಆ ಹೆಸರು ಹಿಡಿದು ಗದರಿಸಬೇಕಾಗುತ್ತದೆ, ದುರ್ಗದ ಯಾರಿಗೂ ಅದು ಸಹ್ಯವಾಗದು. ‘ಬಸವ’ ನಮ್ಮ ಸೀಮೆಯಲ್ಲಿ ಕೇಳುವಂತೆಯೇ ಇಲ್ಲ. ‘ಭೀಮ’ ಬಲಕ್ಕೆ ಹೊಂದುವ ಹೆಸರಾದರೂ ಅಂಬೇಡ್ಕರ್ ಅವರನ್ನು ಭೀಮ ಎಂದು ನೆನೆಯುವ ಲಕ್ಷಾಂತರ ಜನರಿದ್ದಾರೆ, ಬಿಟ್ಟುಬಿಡುವುದು ಒಳ್ಳೆಯದು. ನಾಯಿಯನ್ನು ಭೈರವನ ವಾಹನವೆಂದು ಕಾಣುವವರು, ಮೈಲಾರಲಿಂಗನ ಒಕ್ಕಲಿನವರು ‘ಭೈರ’ ಎಂದು ಭಕ್ತಿಯಿಂದಲೇ ಇಡುತ್ತಾರೆ. ಅದು ಅವರವರ ಮನೆಯ ನಂಬಿಕೆ. ಬಲದ ಹೆಸರು ಬೇಕೆನ್ನುವ ಉಳಿದವರಿಗೆ ರಾಜ, ರಾಣಿ, ಹುಲಿ ಇವೆ.

ಚಿನ್ನು, ಪುಟ್ಟಿ, ಬಂಗಾರಿ, ಪಾಪು ಇವೆಲ್ಲ ಸದ್ದಿಗೆ ಸೊಗಸು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಮಾತ್ರ ಬೇಡ. ‘ಚಿನ್ನೂ, ಬಾರೋ’ ಎಂದಾಗ ಮಗುವೂ ನಾಯಿಯೂ ಒಟ್ಟಿಗೆ ಓಡಿಬಂದು ಎಡವಿ ಬಿದ್ದದ್ದನ್ನು ನಮ್ಮ ಅಕ್ಕನ ಮನೆಯಲ್ಲಿ ನೋಡಿದ್ದೇನೆ.

ದೊಡ್ಡ ನಾಯಿಯನ್ನು ತಂದವರಿಗೆ

ಬೀದಿಯಿಂದಲೋ ಬೇರೆ ಮನೆಯಿಂದಲೋ ಬಂದ ನಾಯಿಗೆ ಹಳೆಯ ಹೆಸರು ಇದ್ದೇ ಇರುತ್ತದೆ. ಅಲ್ಲಿ ಅದು ಸುಖವಾಗಿದ್ದರೆ ಹಳೆಯ ಹೆಸರನ್ನೇ ಇಟ್ಟುಕೊಳ್ಳಿ. ಬದಲಿಸಲೇಬೇಕೆಂದರೆ ಸದ್ದು ಹತ್ತಿರವಿರುವ ಹೆಸರು ಹುಡುಕಿ: ಟಾಮಿ ‘ತಾರಿ’ ಆಗಬಹುದು, ಬ್ರೂನೋ ‘ಬೂದ’ ಆಗಬಹುದು. ಎರಡು ವಾರ ಎರಡನ್ನೂ ಜೋಡಿಸಿ ಕರೆದು, ಆಮೇಲೆ ಹಳೆಯದನ್ನು ಬಿಡಿ. ಹೊಡೆತ ತಿಂದ ಮನೆಯಿಂದ ಬಂದ ನಾಯಿ ಹೆಸರು ಕೇಳಿದರೆ ಕುಗ್ಗಿ ಮೂಲೆ ಸೇರುತ್ತಿದ್ದರೆ ಆ ಹೆಸರನ್ನು ಒಂದು ದಿನವೂ ಉಳಿಸಬೇಡಿ, ಅದರ ಹೋಲಿಕೆಯೇ ಇಲ್ಲದ ಹೊಸ ಹೆಸರು ಕೊಡಿ.

ಮರಿಯಾಗಲಿ ದೊಡ್ಡದಾಗಲಿ, ಹೆಸರು ಕಲಿಸುವ ಬಗೆ ಒಂದೇ. ಹೆಸರು ಹೇಳಿ, ನಿಮ್ಮತ್ತ ನೋಡಿದ ಕ್ಷಣ ಬಾಯಿಗೆ ಒಂದು ಚೂರು ತಿನಿಸು. ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಗದರಿಸುವಾಗ ಹೆಸರು ಬಳಸಬೇಡಿ, ‘ಬೇಡ’ ಎಂದರೆ ಸಾಕು.

ಬಿಲ್ಲೆಯ ಖರ್ಚು

ಹೆಸರಿಡಲು ದುಡ್ಡು ಬೇಕಿಲ್ಲ, ಅದನ್ನು ಕೊರಳಿಗೆ ಹಾಕಲು ಸ್ವಲ್ಪ ಬೇಕು. ಆನ್‌ಲೈನಿನಲ್ಲಿ ಸಿಗುವ ಬಣ್ಣದ ಬಿಲ್ಲೆಗಳಿಗಿಂತ ನಮ್ಮೂರಿನ ಪಾತ್ರೆ ಅಂಗಡಿಯೇ ನನಗೆ ಇಷ್ಟ. ಸ್ಟೀಲ್ ಡಬ್ಬಿಗೆ ಹೆಸರು ಕೊರೆಯುವ ಅದೇ ಪುಟ್ಟ ಯಂತ್ರದಲ್ಲಿ ಹಿತ್ತಾಳೆಯ ಬಿಲ್ಲೆಯ ಮೇಲೂ ಕೊರೆದುಕೊಡುತ್ತಾರೆ. ಒಂದು ಬದಿ ಹೆಸರು, ಇನ್ನೊಂದು ಬದಿ ಮೊಬೈಲ್ ಸಂಖ್ಯೆ. ಚಿಕ್ಕ ಹೆಸರಾದರೆ ಅಕ್ಷರ ದೊಡ್ಡದಾಗಿ, ಕನ್ನಡಕವಿಲ್ಲದವರೂ ಓದುವಂತೆ ಬರುತ್ತದೆ. ಅಷ್ಟೂ ಬೇಡವೆಂದರೆ ಬೆಲ್ಟಿನ ಒಳಬದಿಗೆ ಅಳಿಸದ ಶಾಯಿಯಿಂದ ಸಂಖ್ಯೆ ಬರೆಯಿರಿ. ಚರ್ಮದಡಿ ಮೈಕ್ರೋಚಿಪ್ ಹಾಕಿಸಿದವರಿಗೂ ಬಿಲ್ಲೆ ಬೇಕು, ಚಿಪ್ ಓದುವ ಯಂತ್ರ ದಾರಿಯಲ್ಲಿ ನಾಯಿ ಕಂಡವರ ಕೈಯಲ್ಲಿ ಇರುವುದಿಲ್ಲ. ಮೂರು ತಿಂಗಳಿಗೆ ರೇಬೀಸ್ ಲಸಿಕೆ ಹಾಕಿಸುವಾಗ ಚೀಟಿಯಲ್ಲಿ ಹೆಸರು ಬರೆಸಬೇಕಾಗುತ್ತದೆ, ಅಷ್ಟರೊಳಗೆ ತೀರ್ಮಾನವಾಗಿದ್ದರೆ ಅನುಕೂಲ.

ಗೆಳೆಯನ ಮನೆಯಲ್ಲಿ

ಪಟ್ಟಿಯಲ್ಲಿದ್ದ 14 ಹೆಸರುಗಳನ್ನು ಆ ಸಂಜೆ ಒಂದೊಂದಾಗಿ ತೂಗಿದೆವು. ಫೀನಿಕ್ಸ್ ಮೊದಲೇ ಬಿತ್ತು, ಮಗನೇ ಅಜ್ಜಿಯಿಂದ ಹೇಳಿಸಿ ನೋಡಿ ಹೊಡೆದುಹಾಕಿದ. ಕುಕ್ಕಿ ಮತ್ತು ರಾಗಿ ಕೊನೆಯವರೆಗೆ ಉಳಿದವು. ರೊಟ್ಟಿಯ ಮನೆ, ಹಾಗಾಗಿ ರಾಗಿಯೇ ಗೆಲ್ಲುತ್ತದೆ ಎಂದುಕೊಂಡಿದ್ದೆ. ಅಷ್ಟರಲ್ಲಿ ಪಕ್ಕದ ಮನೆಯವರು ಅವರ ನಾಯಿಯನ್ನು ಕೂಗಿದರು: ‘ರಾಕೀ’. ಒಂದೇ ಅಕ್ಷರದ ವ್ಯತ್ಯಾಸ. ಗೆಳೆಯನ ಹೆಂಡತಿ ಮರುಮಾತಿಲ್ಲದೆ ತಮ್ಮ ಹೆಸರನ್ನು ತಾವೇ ಹೊಡೆದರು.

ಉಳಿದ ಹೆಸರನ್ನು ಮಹಡಿಯಿಂದ ಕೂಗಿ ನೋಡೋಣ ಎಂದೆ. ಇಂಥ ಪರೀಕ್ಷೆಯನ್ನು ಮರಿ ಮಲಗಿದ್ದಾಗ ಮಾಡಬೇಕು, ಪರೀಕ್ಷೆ ಇರುವುದು ನಮ್ಮ ಬಾಯಿಗೆ, ಮರಿಯ ಕಿವಿಗಲ್ಲ. ಮರಿ ತುಳಸಿಕಟ್ಟೆಯ ನೆರಳಿನಲ್ಲಿ ನಿದ್ದೆಹೋಗಿತ್ತು. ಮಗಳು ಮಹಡಿ ಹತ್ತಿ ‘ಕುಕ್ಕೀ’ ಎಂದು ಎಳೆದಳು. ಸದ್ದು ಚೆನ್ನಾಗಿಯೇ ಹೋಯಿತು, ಮರಿ ಅಲುಗಲಿಲ್ಲ. ಅದೇ ಹೊತ್ತಿಗೆ ಅಜ್ಜಿ ಬಟ್ಟಲು ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದರು. ‘ಚುಕ್ಕೀ’ ಎಂದರು, ಕೂಗಲೂ ಇಲ್ಲ. ಮರಿ ತಟ್ಟನೆ ತಲೆಯೆತ್ತಿತು, ಎದ್ದು ಓಡಿ ಅವರ ಸೀರೆಯ ನೆರಿಗೆಗೆ ಮೂಗು ಒತ್ತಿ ನಿಂತಿತು. ಒಂಬತ್ತು ದಿನ ದಿನಕ್ಕೆ ನಾಲ್ಕು ಸಲ, ಪ್ರತಿ ಸಲವೂ ಊಟದ ಜೊತೆ ಅದು ಕೇಳಿಸಿಕೊಂಡ ಮಾತು ಅದೊಂದೇ.

‘ಛೂ’ ಎಂಬ ಸದ್ದಿಗೆ ಹತ್ತಿರವಲ್ಲವೇ ಎಂದು ಮಗ ನನ್ನ ಮಾತನ್ನೇ ನನಗೆ ತಿರುಗಿಸಿದ. ಹೌದು, ಸ್ವಲ್ಪ ಹತ್ತಿರವೇ. ಆದರೆ ಚುಕ್ಕಿಯಲ್ಲಿ ‘ಚು’ ಮೊಟಕು, ನಡುವೆ ಒತ್ತಕ್ಷರದ ತಡೆಯಿದೆ, ಕೊನೆಯ ಎಳೆತ ‘ಈ’ಯಲ್ಲಿದೆ. ಈ ಮನೆಯಲ್ಲಿ ಯಾರೂ ನಾಯಿಗೆ ಛೂ ಎನ್ನಬಾರದು ಎಂದು ಅಲ್ಲೇ ಒಪ್ಪಂದವಾಯಿತು. ಮಗಳು ಫ್ರಿಜ್ಜಿನ ಪಟ್ಟಿಯ ಅಡಿಯಲ್ಲಿ 15ನೆಯದಾಗಿ ಆ ಹೆಸರನ್ನು ಬರೆದು, ಉಳಿದ ಎಲ್ಲವನ್ನೂ ಹೊಡೆದುಹಾಕಿದಳು. ಮರುದಿನ ಗೆಳೆಯ ಪಾತ್ರೆ ಅಂಗಡಿಯಿಂದ ಬಿಲ್ಲೆ ಕೊರೆಸಿಕೊಂಡು ಬಂದ. ಎರಡೇ ಅಕ್ಷರವಾದ್ದರಿಂದ ಪಕ್ಕದಲ್ಲಿ ಜಾಗ ಉಳಿದಿತ್ತು, ಅಂಗಡಿಯವರು ಕೇಳದೆಯೇ ಅಲ್ಲೊಂದು ಸಣ್ಣ ಚುಕ್ಕೆಯನ್ನೂ ಕೊರೆದಿದ್ದರು.